ತಾರತಮ್ಯ, ಪೂರ್ವಗ್ರಹದ ಪಾಠ: ಒಂಬತ್ತನೇ ತರಗತಿಗೆ ಆರು ಪೀರಿಯಡ್‌ನಲ್ಲಿ ಹೇಗೆ ಮಾಡುವುದು?

ಸಮಾಜಪಾಠ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಒಂಬತ್ತನೇ ತರಗತಿ, 38 ಮಕ್ಕಳು, ವಯಸ್ಸು 14–15. ತಾರತಮ್ಯ ಮತ್ತು ಪೂರ್ವಗ್ರಹದ ಬಗ್ಗೆ ಪಾಠ ಮಾಡಲು 45 ನಿಮಿಷದ ಆರು ಪೀರಿಯಡ್ ಇವೆ, ವಾರಕ್ಕೆ ಎರಡರಂತೆ. ಪುಸ್ತಕದಲ್ಲಿ ಇರುವುದು ವ್ಯಾಖ್ಯಾನ ಮತ್ತು ಕಾನೂನುಗಳ ಪಟ್ಟಿ. ಮಕ್ಕಳು ಅದನ್ನು ಉರು ಹೊಡೆದು "ಎಲ್ಲರೂ ಸಮಾನರು, ಭೇದಭಾವ ಮಾಡಬಾರದು" ಎಂದು ಬರೆದು ಪೂರ್ತಿ ಅಂಕ ತೆಗೆದುಕೊಳ್ಳುತ್ತಾರೆ. ಬೆಲ್ ಹೊಡೆದ ಮೇಲೆ ಯಾರ ಪಕ್ಕ ಯಾರು ಕೂರುವುದಿಲ್ಲ, ಯಾರನ್ನು ಯಾವ ಅಡ್ಡಹೆಸರಿನಿಂದ ಕರೆಯುತ್ತಾರೆ ಎಂಬುದು ಮಾತ್ರ ಇದ್ದಲ್ಲೇ ಇರುತ್ತದೆ.

ನಾನು ಯೋಚಿಸಿರುವುದು ಇಷ್ಟು: ಬಣ್ಣದ ಚೀಟಿ ಹಂಚಿ ತರಗತಿಯನ್ನು ಎರಡು ಭಾಗ ಮಾಡುವುದು. ಒಂದು ದಿನ ಹಳದಿ ಚೀಟಿಯವರು ಹಿಂದಿನ ಬೆಂಚಿನಲ್ಲಿ, ಪ್ರಶ್ನೆ ಕೇಳುವ ಹಾಗಿಲ್ಲ, ಎಲ್ಲದರಲ್ಲೂ ಕೊನೆಯ ಸರದಿ. ಮರುದಿನ ಅದಲು ಬದಲು. ಆಮೇಲೆ ಚರ್ಚೆ. ಅಮೆರಿಕದ ಒಬ್ಬ ಶಿಕ್ಷಕಿ ಕಣ್ಣಿನ ಬಣ್ಣ ನೋಡಿ ಹೀಗೆ ಮಾಡಿದ್ದು ಪ್ರಸಿದ್ಧ. ಈ ವಯಸ್ಸಿಗೆ ಇದು ಸರಿಯೇ?

ಇನ್ನೆರಡು ಪ್ರಶ್ನೆ. ತರಗತಿಯಲ್ಲಿ ದಿನವೂ ಚುಚ್ಚುಮಾತು ಕೇಳುವ ಮೂರ್ನಾಲ್ಕು ಮಕ್ಕಳಿದ್ದಾರೆ. ಪಾಠದ ಹೆಸರಿನಲ್ಲಿ ಎಲ್ಲರ ಕಣ್ಣು ಅವರ ಮೇಲೆ ಬೀಳದ ಹಾಗೆ ಹೇಗೆ ನೋಡಿಕೊಳ್ಳುವುದು? ಪಾಠದ ನಡುವೆ ಯಾರಾದರೂ ಕೆಟ್ಟ ಮಾತು ಆಡಿಬಿಟ್ಟರೆ ಆ ಕ್ಷಣ ಏನು ಮಾಡಬೇಕು?

ಕಪ್ಪುಹಲಗೆ

ಚೀಟಿ ಹಂಚಿ ಒಂದು ಗುಂಪನ್ನು ಕೆಳಗಿಡುವ ಯೋಜನೆ ಬೇಡ, ದಯವಿಟ್ಟು ಕೈಬಿಡಿ. ಕಾರಣ ಹೇಳುತ್ತೇನೆ.

ನೀವು ಹೇಳುತ್ತಿರುವುದು ಜೇನ್ ಎಲಿಯಟ್ ಅವರ ಪ್ರಯೋಗ. ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ಮರುದಿನ, 1968ರ ಏಪ್ರಿಲ್ 5ರಂದು, ಅಯೋವಾದ ರೈಸ್‌ವಿಲ್ ಊರಿನ ಮೂರನೇ ತರಗತಿಯಲ್ಲಿ ಅದನ್ನು ಮಾಡಿದರು. ಆ ತರಗತಿಯ ಮಕ್ಕಳೆಲ್ಲ ಬಿಳಿಯರು. ವರ್ಣಭೇದದ ಪೆಟ್ಟು ತಿಂದ ಮಗು ಅಲ್ಲಿ ಒಂದೂ ಇರಲಿಲ್ಲ. ನಿಮ್ಮ ತರಗತಿಯಲ್ಲಿ ಅಂಥ ಮೂರ್ನಾಲ್ಕು ಮಕ್ಕಳಿದ್ದಾರೆ. ನಿಜಜೀವನದಲ್ಲಿ ದಿನವೂ ಅನುಭವಿಸುವ ಮಗುವಿಗೆ ಹಳದಿ ಚೀಟಿ ಬಂದರೆ, ಹೊಸದೇನೂ ಕಲಿಯದೆ ಇನ್ನೊಂದು ದಿನ ಅವಮಾನ ಅನುಭವಿಸಿದ ಹಾಗಾಯಿತು, ಅದೂ ಟೀಚರ್ ಕೈಯಿಂದಲೇ. ಉಳಿದ ಮಕ್ಕಳ ವಿಷಯ ಹೀಗೆ: ಮೇಲಿನ ಗುಂಪಿನಲ್ಲಿದ್ದವರು ಅಧಿಕಾರದ ಮಜಾ ನೋಡುತ್ತಾರೆ, ಕೆಳಗಿದ್ದವರು ನಾಳೆ ಸರದಿ ಬರುತ್ತದೆಂದು ಹಲ್ಲು ಕಚ್ಚಿ ಕಾಯುತ್ತಾರೆ. ಸರದಿ ಬಂದೇ ಬರುತ್ತದೆ ಎಂಬ ಖಾತ್ರಿ ಇರುವ ತಾರತಮ್ಯ ಲೋಕದಲ್ಲಿ ಎಲ್ಲೂ ಇಲ್ಲ. ಹಾಗಾಗಿ ಮಕ್ಕಳು ಅನುಭವಿಸುವುದು ನಿಜದ ನಕಲು ಕೂಡ ಅಲ್ಲ. ಹದಿನಾಲ್ಕು ವರ್ಷದವರು ಇದನ್ನು ಬೇಗ ಹಿಡಿಯುತ್ತಾರೆ, ಅಭಿನಯ ಶುರು ಮಾಡುತ್ತಾರೆ.

ಗುಂಪು ಎಂಬುದು ಎಷ್ಟು ಸುಲಭವಾಗಿ ಹುಟ್ಟುತ್ತದೆ ಎಂದು ತೋರಿಸಬೇಕಾದರೆ ಯಾರಿಗೂ ನೋವಾಗದ ದಾರಿ ಇದೆ. ಮನೋವಿಜ್ಞಾನಿ ಹೆನ್ರಿ ತಾಜ್‌ಫೆಲ್ 1970ರ ಸುಮಾರಿಗೆ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ನಿಮ್ಮ ಮಕ್ಕಳ ವಯಸ್ಸಿನ, 14–15ರ ಹುಡುಗರ ಜೊತೆ ಮಾಡಿದ ಪ್ರಯೋಗ ಇದು. ಹುಡುಗರಿಗೆ ಪರದೆಯ ಮೇಲೆ ಚುಕ್ಕಿಗಳನ್ನು ಕ್ಷಣಕಾಲ ತೋರಿಸಿ ಎಷ್ಟಿವೆ ಎಂದು ಅಂದಾಜು ಕೇಳಿದರು. ಉತ್ತರದ ಪ್ರಕಾರ ಗುಂಪು ಮಾಡಿದೆವೆಂದು ಹೇಳಿದರೂ ಮಾಡಿದ್ದು ಮನಬಂದಂತೆ. ಆಮೇಲೆ, ತಮಗಲ್ಲ, ಯಾರೆಂದು ಗೊತ್ತಿಲ್ಲದ ಇನ್ನಿಬ್ಬರಿಗೆ ಅಂಕ ಹಂಚಲು ಹೇಳಿದರು. ಅಷ್ಟಕ್ಕೇ ಹುಡುಗರು ತಮ್ಮ ಗುಂಪಿನವನ ಕಡೆ ವಾಲಿದರು.

ತರಗತಿಯಲ್ಲಿ ಮಾಡುವ ಬಗೆ: ಒಂದು ದೊಡ್ಡ ಹಾಳೆಯಲ್ಲಿ 50–60 ಚುಕ್ಕಿ ಹಾಕಿ ಮೂರು ಸೆಕೆಂಡ್ ತೋರಿಸಿ. ಅಂದಾಜು ಬರೆಸಿ ತೆಗೆದುಕೊಳ್ಳಿ. ನಂತರ ಅಂದಾಜಿನ ಪ್ರಕಾರ ಗುಂಪು ಮಾಡಿದೆ ಎಂದು ಹೇಳಿ, ಕಲಸಿದ ಕಾರ್ಡ್ ಹಂಚಿ, ಅರ್ಧದ ಮೇಲೆ ತ್ರಿಕೋನ, ಅರ್ಧದ ಮೇಲೆ ವೃತ್ತ, ಪ್ರತಿಯೊಂದಕ್ಕೂ ಒಂದು ಸಂಖ್ಯೆ. "ಹೆಚ್ಚು", "ಕಡಿಮೆ" ಎಂದು ಹೆಸರಿಡಬೇಡಿ, ಆಟದ ಮೈದಾನಕ್ಕೆ ಅದೇ ಅಡ್ಡಹೆಸರಾಗಿ ಹೋಗುತ್ತದೆ. ಯಾರಿಗೆ ಯಾವ ಕಾರ್ಡ್ ಎಂದು ಯಾರೂ ತೋರಿಸುವಂತಿಲ್ಲ, ಮಾತೂ ಇಲ್ಲ. ಈಗ ಪ್ರತಿಯೊಬ್ಬರೂ ತಮ್ಮ ಗುಂಪಿನ ಒಬ್ಬರಿಗೆ ಮತ್ತು ಎದುರಿನ ಗುಂಪಿನ ಒಬ್ಬರಿಗೆ ಅಂಕ ಕೊಡಬೇಕು. ಮೂರೇ ಆಯ್ಕೆ:

ನಮ್ಮವರಿಗೆ 19, ಅವರಿಗೆ 25
ನಮ್ಮವರಿಗೆ 13, ಅವರಿಗೆ 13
ನಮ್ಮವರಿಗೆ 7, ಅವರಿಗೆ 1

ಚೀಟಿ ತೆಗೆದುಕೊಂಡು, ಹೆಸರಿಲ್ಲದೆ, ಯಾವುದಕ್ಕೆ ಎಷ್ಟು ಎಂದು ಬೋರ್ಡಿನ ಮೇಲೆ ಗೆರೆ ಎಳೆಯಿರಿ. ಪಾಠದ ಜೀವ ಮೂರನೇ ಸಾಲಿನಲ್ಲಿದೆ. 7–1 ಆರಿಸಿದವರು ತಮ್ಮವರಿಗೇ 12 ಅಂಕ ನಷ್ಟ ಮಾಡಿದ್ದಾರೆ, ಎದುರಿನವರಿಗಿಂತ ಮುಂದಿರಲಿ ಎಂಬ ಒಂದೇ ಕಾರಣಕ್ಕೆ. ಇದನ್ನು ನೀವು ಹೇಳಬೇಡಿ, "19 ಸಿಗುವಾಗ 7 ಯಾಕೆ ಆರಿಸಬಹುದು?" ಎಂದು ಕೇಳಿ ಸುಮ್ಮನಿರಿ, ಮಕ್ಕಳೇ ಹೇಳುತ್ತಾರೆ. ಹೆಚ್ಚಿನವರು 13–13 ಆರಿಸಿದರೂ ಪಾಠ ಕೆಟ್ಟಿಲ್ಲ. "ಸಮ ಎಂದರೆ ನ್ಯಾಯ ಅನ್ನಿಸಿತು, ಆದರೆ 19–25ರಲ್ಲಿ ಇಬ್ಬರಿಗೂ ಹೆಚ್ಚು ಸಿಗುತ್ತಿತ್ತಲ್ಲ?" ಎಂಬುದೂ ಒಳ್ಳೆಯ ಚರ್ಚೆಯೇ.

ಗುಂಪು ಮನಬಂದಂತೆ ಮಾಡಿದ್ದು ಎಂಬುದನ್ನು ಅದೇ ಪೀರಿಯಡ್‌ನಲ್ಲಿ, ಬೆಲ್‌ಗೆ ಹದಿನೈದು ನಿಮಿಷ ಮೊದಲೇ ಬಿಚ್ಚಿ ಹೇಳಿ. ಮರುದಿನಕ್ಕೆ ಇಡಬಾರದು. ಕಾರ್ಡ್‌ಗಳನ್ನೆಲ್ಲ ಎಣಿಸಿ ವಾಪಸ್ ತೆಗೆದುಕೊಳ್ಳಿ. ಅಂಕಕ್ಕೆ ಬಹುಮಾನ ಇಟ್ಟರೆ ಪೂರ್ತಿ ಬೇರೆ ಆಟವಾಗುತ್ತದೆ, ಇಡಬೇಡಿ.

ಆಪ್ತಸಲಹೆ

ಎರಡನೇ ಮತ್ತು ಮೂರನೇ ಪ್ರಶ್ನೆಗೆ ಉತ್ತರಿಸುತ್ತೇನೆ.

ಮೊದಲನೇ ಪೀರಿಯಡ್ ಶುರುವಾಗುವ ಮುನ್ನ ಆ ಮೂರ್ನಾಲ್ಕು ಮಕ್ಕಳನ್ನು ಒಬ್ಬೊಬ್ಬರನ್ನಾಗಿ, ಉಳಿದವರಿಗೆ ಕಾಣದಂತೆ ಮಾತಾಡಿಸಿ. ಗುಂಪಾಗಿ ಕರೆದರೆ ಆ ಕರೆಯೇ ಗುರುತಾಗುತ್ತೆ. ಹೇಳಬೇಕಾದ್ದು ಇಷ್ಟೇ: "ಮುಂದಿನ ಮೂರು ವಾರ ಇಂಥ ವಿಷಯದ ಪಾಠ ಇದೆ. ನಿನ್ನನ್ನು ನಾನಾಗಿ ಮಾತಾಡಿಸಲ್ಲ. ಏನಾದರೂ ಕಷ್ಟ ಅನ್ನಿಸಿದರೆ ಹೀಗೆ ಸನ್ನೆ ಮಾಡು, ಹೊರಗೆ ಹೋಗಿ ಬರಬಹುದು." ಒಪ್ಪಿಗೆ ಕೇಳುವ ಧಾಟಿಯಲ್ಲಿ ಕೇಳಬೇಡಿ, ಮಗು ಟೀಚರ್‌ಗೆ ಬೇಡ ಅನ್ನಲ್ಲ. ಮತ್ತೆ, ಯಾವ ಮಗುವನ್ನೂ ಅದರ ಸಮುದಾಯದ ವಕ್ತಾರನ ಹಾಗೆ ಮಾತಾಡಿಸಬಾರದು. "ನಿಮ್ಮಲ್ಲಿ ಹೇಗೆ?" ಅನ್ನುವ ಒಂದು ಪ್ರಶ್ನೆ ಸಾಕು, ಮಗು ಆ ದಿನವಿಡೀ ತಲೆ ಎತ್ತಲ್ಲ.

ಉದಾಹರಣೆಗಳನ್ನು ಹತ್ತಿರದಿಂದ ಶುರು ಮಾಡಬೇಡಿ. ಮೊದಲ ಎರಡು ಪೀರಿಯಡ್‌ನಲ್ಲಿ ದೂರದ, ನಡೆದುಹೋದ ಪ್ರಸಂಗಗಳು ಇರಲಿ. ನಿಮ್ಮ ತರಗತಿಯಲ್ಲಿ ಕುದಿಯುತ್ತಿರುವ ವಿಷಯವನ್ನು ನಾಲ್ಕನೇ ಪೀರಿಯಡ್‌ಗೆ ಮುಂಚೆ ಮುಟ್ಟಬೇಡಿ. ದೂರದ ವಿಷಯದಲ್ಲಿ ಮಕ್ಕಳು ಯೋಚನೆ ಮಾಡ್ತಾರೆ, ಹತ್ತಿರದ ವಿಷಯ ಬಂದ ಕೂಡಲೇ ಪಕ್ಷ ವಹಿಸ್ತಾರೆ. ಯೋಚಿಸುವ ಅಭ್ಯಾಸ ಮೊದಲು ಆಗಿರಬೇಕು.

ಪ್ರಶ್ನೆ ಪೆಟ್ಟಿಗೆ ಇಡುವವರು ಸಾಮಾನ್ಯವಾಗಿ ಒಂದು ವಿಷಯ ಮರೀತಾರೆ. ಬರೆಯುವವರು ಮಾತ್ರ ಬರೆದರೆ ಯಾರು ಬರೆದರು ಅಂತ ಇಡೀ ತರಗತಿ ನೋಡುತ್ತೆ. ಆದ್ದರಿಂದ ಪೀರಿಯಡ್ ಕೊನೆಯ ಮೂರು ನಿಮಿಷ ಎಲ್ಲರಿಗೂ ಒಂದೇ ಅಳತೆಯ ಚೀಟಿ ಕೊಡಿ, ಎಲ್ಲರೂ ಬರೆಯಲೇಬೇಕು, ಏನೂ ಇಲ್ಲದವರು "ಇವತ್ತು ಪ್ರಶ್ನೆ ಇಲ್ಲ, ಪ್ರಶ್ನೆ ಇಲ್ಲ" ಅಂತ ಒಂದೆರಡು ಸಾಲು ತುಂಬಲಿ. ಚೀಟಿಗಳನ್ನು ತರಗತಿಯಲ್ಲಿ ಬಿಚ್ಚಿ ಓದಬೇಡಿ. ನೀವೊಬ್ಬರೇ ಓದಿ, ಮುಂದಿನ ಪೀರಿಯಡ್‌ಗೆ ನಿಮ್ಮ ಮಾತಿನಲ್ಲಿ ಮತ್ತೆ ಬರೆದು ತನ್ನಿ. ಅಕ್ಷರ ನೋಡಿ ಗುರುತು ಹಿಡಿಯುವ ಮಕ್ಕಳು ಇರ್ತಾರೆ.

ಪೆಟ್ಟಿಗೆ ಇಡುವ ಮುಂಚೆ ಒಂದು ಮಾತು ಸ್ಪಷ್ಟವಾಗಿ ಹೇಳಿಬಿಡಿ: "ಯಾರಿಗಾದರೂ ಅಪಾಯ ಇದೆ ಅಂತ ಗೊತ್ತಾದರೆ ನಾನು ಗುಟ್ಟಾಗಿ ಇಟ್ಟುಕೊಳ್ಳಲ್ಲ, ಸಹಾಯ ಮಾಡಬಲ್ಲವರಿಗೆ ಹೇಳ್ತೀನಿ." ಎಲ್ಲವನ್ನೂ ಗುಟ್ಟಾಗಿಡ್ತೀನಿ ಅಂತ ಮಾತು ಕೊಟ್ಟು ಆಮೇಲೆ ಮುರಿಯೋ ಪರಿಸ್ಥಿತಿ ಬಂದರೆ ಆ ಮಗು ಮತ್ತೆ ಯಾವ ದೊಡ್ಡವರನ್ನೂ ನಂಬಲ್ಲ. ಇಂಥ ಪಾಠದ ಸಮಯದಲ್ಲಿ ಮಕ್ಕಳು ಹೊಡೆತ, ಕಿರುಕುಳದ ವಿಷಯ ಬಾಯಿಬಿಡುವುದು ಅಪರೂಪವಲ್ಲ. ಯಾರಿಗೆ, ಯಾವ ದಾರಿಯಲ್ಲಿ ತಿಳಿಸಬೇಕು ಅನ್ನೋದನ್ನು ಮುಖ್ಯಶಿಕ್ಷಕರ ಹತ್ತಿರ ಮೊದಲೇ ಮಾತಾಡಿಟ್ಟುಕೊಳ್ಳಿ.

ಈಗ ಕೆಟ್ಟ ಮಾತಿನ ವಿಷಯ. ಆ ಕ್ಷಣ ಟೀಚರ್ ನಕ್ಕು ತೇಲಿಸಿಬಿಟ್ಟರೆ, ಅಥವಾ ಕೇಳಿಸದವರ ಹಾಗೆ ಮುಂದೆ ಹೋದರೆ, 38 ಮಕ್ಕಳಿಗೂ ಒಪ್ಪಿಗೆ ಸಿಕ್ಕಿದ ಹಾಗೆ. ಕೂಗಾಡಿದರೂ ಕಷ್ಟ, ಆಡಿದ ಹುಡುಗ ವೀರನಾಗ್ತಾನೆ. ದನಿ ಏರಿಸದೆ, ಒಂದು ವಾಕ್ಯದಲ್ಲಿ ನಿಲ್ಲಿಸಿ: "ಈ ಮಾತು ಈ ಕೋಣೆಯಲ್ಲಿ ಬೇಡ. ಇದು ಒಂದಿಡೀ ಗುಂಪಿನ ಜನರನ್ನು ಕೀಳು ಮಾಡುವ ಮಾತು." ಮಾತಿನ ಬಗ್ಗೆ ಹೇಳಿ, ಆಡಿದವನಿಗೆ ಹಣೆಪಟ್ಟಿ ಹಚ್ಚಬೇಡಿ. ಅದು ಬೈಗುಳವಾಗಿದ್ದರೆ ಚರ್ಚೆಗೆ ಎಳೆಯಬೇಡಿ, ಬೈಗುಳಕ್ಕೆ ಎರಡು ಮಗ್ಗುಲು ಇಲ್ಲ. ಪಾಠ ಮುಂದುವರಿಸಿ, ಆಮೇಲೆ ಒಬ್ಬನನ್ನೇ ಕರೆದು ಮಾತಾಡಿ. ಬೈಗುಳವಲ್ಲದೆ "ಆ ಜನ ಎಲ್ಲ ಹಾಗೇನೇ" ಥರದ ಹೇಳಿಕೆಯಾಗಿದ್ದರೆ ಮಾತ್ರ ಪ್ರಶ್ನೆ ಮಾಡಿ. ಎಲ್ಲ ಅಂದರೆ ಎಷ್ಟು ಜನ? ಎಷ್ಟು ಜನರನ್ನು ನೀನು ನೋಡಿದ್ದೀಯ? ಹಾಗಿಲ್ಲದ ಒಬ್ಬರು ಸಿಕ್ಕರೆ ನಿನ್ನ ಮಾತು ಏನಾಗುತ್ತೆ? ಹಾಗೆಯೇ ಇರುವ ಬೇರೆ ಗುಂಪಿನವರನ್ನೂ ಹೀಗೇ ಅಂತೀಯಾ?

"ನಮ್ಮನೇಲಿ ಹಾಗೇ ಹೇಳ್ತಾರೆ" ಅನ್ನೋ ಉತ್ತರ ಬಂದೇ ಬರುತ್ತೆ. ಮನೆಯವರು ತಪ್ಪು ಅಂತ ಹೇಳಬೇಡಿ. ಮಗುವಿಗೆ ಮನೆ ಅಥವಾ ಟೀಚರ್ ಅಂತ ಆರಿಸುವ ಪರಿಸ್ಥಿತಿ ತಂದರೆ ಮನೆಯನ್ನೇ ಆರಿಸುತ್ತೆ, ಅದು ಸಹಜ. "ಮನೇಲಿ ಹೇಳಿದ್ದನ್ನು ನೀನು ಹೇಳಿದೆ, ಸರಿ. ಈಗ ನಮ್ಮ ಕೈಯಲ್ಲಿರುವ ಮಾಹಿತಿ ಏನು ಹೇಳುತ್ತೆ ನೋಡೋಣ" ಅನ್ನಿ.

ಯಾರ ಬಗ್ಗೆ ಆ ಮಾತು ಬಂತೋ ಆ ಮಗು ಅಲ್ಲೇ ಕೂತಿರುತ್ತೆ. ತರಗತಿಯಲ್ಲಿ ಅದರ ಕಡೆ ನೋಡಬೇಡಿ. ಅದೇ ದಿನ, ಮನೆಗೆ ಹೋಗುವುದರೊಳಗೆ, ಒಬ್ಬರೇ ಮಾತಾಡಿಸಿ. ಇದನ್ನು ನಾಳೆಗೆ ಬಿಡಬೇಡಿ. "ಸಾರಿ ಕೇಳು" ಅಂತ ಎಲ್ಲರೆದುರು ಕೈಕುಲುಕಿಸುವುದು ಬೇಡವೇ ಬೇಡ, ಅದರಿಂದ ಇಬ್ಬರಿಗೂ ಅವಮಾನ.

ಲೆಕ್ಕದಮೇಷ್ಟ್ರು

ಮೇಲಿನವರಿಬ್ಬರೂ ಮುಖ್ಯವಾದದ್ದು ಹೇಳಿದ್ದಾರೆ. ಈ ವಿಷಯಕ್ಕೆ ಲೆಕ್ಕವೂ ಬೇಕು. ತಾರತಮ್ಯ ಎಂದರೆ ಒಬ್ಬ ಕೆಟ್ಟವನು ಒಬ್ಬನಿಗೆ ಬೈಯುವುದು ಎಂದಷ್ಟೇ ಮಕ್ಕಳು ತಿಳಿದಿರುತ್ತಾರೆ. ಯಾರೂ ಬೈಯದೆ, ನಗುನಗುತ್ತಲೇ ನಡೆಯುವ ತಾರತಮ್ಯ ಅವರ ಕಣ್ಣಿಗೆ ಬೀಳುವುದು ಸಂಖ್ಯೆಯಲ್ಲಿ ಮಾತ್ರ.

ಮರಿಯಾನ್ ಬರ್ಟ್ರಾಂಡ್ ಮತ್ತು ಸೆಂಧಿಲ್ ಮುಲ್ಲೈನಾಥನ್ ಎಂಬ ಅರ್ಥಶಾಸ್ತ್ರಜ್ಞರು ಬಾಸ್ಟನ್ ಮತ್ತು ಶಿಕಾಗೋದ ಉದ್ಯೋಗ ಜಾಹೀರಾತುಗಳಿಗೆ ಸುಮಾರು 5,000 ಕಾಲ್ಪನಿಕ ಅರ್ಜಿ ಕಳಿಸಿ ಫಲಿತಾಂಶವನ್ನು 2004ರಲ್ಲಿ ಪ್ರಕಟಿಸಿದರು. ಅರ್ಹತೆಯಲ್ಲಿ ವ್ಯತ್ಯಾಸವಿಲ್ಲ, ಹೆಸರು ಮಾತ್ರ ಬೇರೆ. ಬಿಳಿಯರದೆಂದು ತೋರುವ ಹೆಸರಿಗೆ ಸುಮಾರು 10 ಅರ್ಜಿಗೆ ಒಂದು ಕರೆ ಬಂತು, ಕಪ್ಪು ಜನರದೆಂದು ತೋರುವ ಹೆಸರಿಗೆ ಸುಮಾರು 15 ಅರ್ಜಿಗೆ ಒಂದು. ಭಾರತದಲ್ಲೂ ಸುಖದೇವ್ ಥೋರಟ್ ಮತ್ತು ಪಾಲ್ ಆಟ್‌ವೆಲ್ ಇದೇ ಮಾದರಿಯಲ್ಲಿ ಖಾಸಗಿ ಕಂಪನಿಗಳಿಗೆ ಅರ್ಜಿ ಕಳಿಸಿ 2007ರಲ್ಲಿ ಪ್ರಕಟಿಸಿದರು, ದಲಿತ ಮತ್ತು ಮುಸ್ಲಿಂ ಹೆಸರುಗಳಿಗೆ ಕರೆ ಬರುವ ಸಾಧ್ಯತೆ ಕಡಿಮೆ ಇತ್ತು.

ಇದನ್ನು ಓದಿ ಹೇಳಿದರೆ ಸಾಲದು, ಆಡಿಸಬೇಕು. 38 ಮಕ್ಕಳು ಎಂದರೆ 19 ಜೋಡಿ. ಪ್ರತಿ ಜೋಡಿ ಒಂದು ಹಾಳೆಯನ್ನು 30 ತುಂಡು ಮಾಡಿ 1ರಿಂದ 30ರವರೆಗೆ ಬರೆದು, ಒಂದೇ ರೀತಿ ಮಡಚಿ ಚೀಲಕ್ಕೆ ಹಾಕಲಿ. ಅಭ್ಯರ್ಥಿ "ಅ" ಪರವಾಗಿ ಹತ್ತು ಸಲ ಚೀಟಿ ಎತ್ತಬೇಕು, ಪ್ರತಿ ಸಲ ವಾಪಸ್ ಹಾಕಿ ಕಲಸಬೇಕು. 1, 2, 3 ಬಂದರೆ ಕೆಲಸದ ಕರೆ ಬಂದ ಹಾಗೆ. ಅಭ್ಯರ್ಥಿ "ಆ" ಪರವಾಗಿಯೂ ಹತ್ತು ಸಲ, ಆದರೆ 1, 2 ಬಂದರೆ ಮಾತ್ರ ಕರೆ. 30ರಲ್ಲಿ 3, 30ರಲ್ಲಿ 2, ಅಂದರೆ ಹತ್ತಕ್ಕೆ ಒಂದು, ಹದಿನೈದಕ್ಕೆ ಒಂದು.

ಈಗ ಜೋಡಿಗಳನ್ನು ಕೇಳಿ: ನಿಮ್ಮ ಚೀಲದಲ್ಲಿ ತಾರತಮ್ಯ ಇದೆಯಾ? ಹಲವು ಜೋಡಿಗಳಲ್ಲಿ ಎರಡೂ ಸಮ ಬಂದಿರುತ್ತದೆ, ಕೆಲವದರಲ್ಲಿ "ಆ"ಗೇ ಹೆಚ್ಚು ಬಂದಿರುತ್ತದೆ. "ಇಲ್ಲ ಸರ್, ನಮ್ಮದರಲ್ಲಿ ಏನೂ ಇಲ್ಲ" ಎನ್ನುತ್ತಾರೆ. ನಿಯಮ ಅನ್ಯಾಯದ್ದು ಎಂದು ಕಣ್ಣೆದುರೇ ಬರೆದಿದ್ದರೂ ಹತ್ತು ಚೀಟಿಯಲ್ಲಿ ಅದು ಕಾಣುವುದಿಲ್ಲ. ಆಮೇಲೆ 19 ಜೋಡಿಯದ್ದನ್ನೂ ಬೋರ್ಡಿನ ಮೇಲೆ ಕೂಡಿಸಿ. ಒಬ್ಬೊಬ್ಬ ಅಭ್ಯರ್ಥಿಗೆ 190 ಚೀಟಿ ಎತ್ತಿದ ಹಾಗೆ. ಸರಾಸರಿ "ಅ"ಗೆ 19, "ಆ"ಗೆ 12–13 ಬರಬೇಕು. ಆಗ ವ್ಯತ್ಯಾಸ ಎದ್ದು ಕಾಣುತ್ತದೆ. ಅಪರೂಪಕ್ಕೆ 190ರಲ್ಲೂ ತಿರುಗಾಮುರುಗಾ ಬರಬಹುದು, ಗಾಬರಿ ಬೇಡ, "ಅದಕ್ಕೇ ಅವರು ಸಾವಿರಗಟ್ಟಲೆ ಅರ್ಜಿ ಕಳಿಸಿದ್ದು" ಎಂದು ಅಲ್ಲಿಂದಲೇ ಮುಂದುವರಿಸಿ.

ಅರ್ಜಿ ತಿರಸ್ಕೃತವಾದ ಒಬ್ಬ ವ್ಯಕ್ತಿಗೆ ಯಾಕೆ ಎಂದು ಎಂದೂ ಗೊತ್ತಾಗುವುದಿಲ್ಲ. ತಿರಸ್ಕರಿಸಿದವನಿಗೂ ತಾನು ಹೆಸರು ನೋಡಿದೆ ಎಂಬ ಅರಿವು ಇಲ್ಲದಿರಬಹುದು. "ಎಲ್ಲಿದೆ ಸಾಕ್ಷಿ?" ಎಂದು ಒಬ್ಬೊಬ್ಬರನ್ನೇ ಕೇಳುವುದು ಯಾಕೆ ನ್ಯಾಯವಲ್ಲ ಎಂಬುದು ಇಲ್ಲಿ ಮಕ್ಕಳಿಗೆ ತಾನಾಗಿ ತಿಳಿಯುತ್ತದೆ.

ಇಡೀ ಚಟುವಟಿಕೆಗೆ 35 ನಿಮಿಷ ಬೇಕು, ಚೀಟಿ ಹರಿಯುವುದಕ್ಕೇ ಎಂಟು ಹತ್ತು ನಿಮಿಷ ಹೋಗುತ್ತದೆ. ಮಡಿಕೆ ಒಂದೇ ರೀತಿ ಇಲ್ಲದಿದ್ದರೆ ಬೆರಳಿಗೆ ಗುರುತು ಸಿಗುತ್ತದೆ. ಮತ್ತೆ, ಅಭ್ಯರ್ಥಿಗಳಿಗೆ ನಿಜವಾದ ಹೆಸರು ಇಡಬೇಡಿ, ಅಕ್ಷರ ಸಾಕು. ಕೆಲವರು ಎರಡು ಹೆಸರಿನ ಅರ್ಜಿ ಮಾಡಿ ಮಕ್ಕಳಿಂದಲೇ ಅಂಕ ಹಾಕಿಸಿ "ನೋಡಿ, ನೀವೂ ತಾರತಮ್ಯ ಮಾಡಿದಿರಿ" ಎಂದು ತೋರಿಸಲು ಹೋಗುತ್ತಾರೆ. 38 ಜನರಲ್ಲಿ ಅದು ಕೇವಲ ಅದೃಷ್ಟದಿಂದಲೂ ಬರಬಹುದು, ಉಲ್ಟಾ ಕೂಡ ಬರಬಹುದು. ಬಂದರೂ, ಆ ಹೆಸರಿನ ಮಗು ತರಗತಿಯಲ್ಲಿ ಕೂತಿದ್ದರೆ ಅದಕ್ಕೆ ಏನನ್ನಿಸಬೇಕು?

ಸಮಾಜಪಾಠ

ಎಲ್ಲರಿಗೂ ಧನ್ಯವಾದ. ಚೀಟಿಯ ಯೋಜನೆ ಕೈಬಿಟ್ಟೆ. ಆದರೆ ಒಂದು ಅನುಮಾನ. ಮನಸ್ಸಿಗೆ ತಟ್ಟದೆ ಬರೀ ಲೆಕ್ಕ, ಪ್ರಯೋಗ ಹೇಳಿದರೆ ಮಕ್ಕಳ ನಡವಳಿಕೆ ಬದಲಾಗುತ್ತದೆಯೇ? ಇನ್ನೊಂದು, ಅಂಗವೈಕಲ್ಯ ಇರುವ ಸಹಪಾಠಿಗೆ ಪರೀಕ್ಷೆಯಲ್ಲಿ ಹೆಚ್ಚು ಸಮಯ ಕೊಟ್ಟಾಗ "ಇದು ನಮಗೆ ಮಾಡಿದ ತಾರತಮ್ಯ ಅಲ್ವಾ?" ಎಂದು ಕೇಳುತ್ತಾರೆ. ಇದಕ್ಕೆ ನೇರ ಉತ್ತರ ಹೇಗೆ ಕೊಡುವುದು?

ಗುಂಪುಕೆಲಸ

ಮೇಡಂ, ನಿಮ್ಮ ಅನುಮಾನ ನ್ಯಾಯವಾದದ್ದು. ಪಾಠದಿಂದ ತಿಳಿವಳಿಕೆ ಬರುತ್ತದೆ, ಪಕ್ಕದಲ್ಲಿ ಕೂರುವ ಅಭ್ಯಾಸ ಬರುವುದು ಒಟ್ಟಿಗೆ ಕೆಲಸ ಮಾಡಿದಾಗ. ಲೆಕ್ಕದಮೇಷ್ಟ್ರು ಹೇಳಿದ್ದರಲ್ಲಿ ನನಗೆ ತಕರಾರಿಲ್ಲ, ಆದರೆ ಆರೂ ಪೀರಿಯಡ್ ತಲೆಗೇ ಹೋದರೆ ನೀವು ಹೇಳಿದ ಬೆಂಚಿನ ಸಮಸ್ಯೆ ಹಾಗೇ ಉಳಿಯುತ್ತದೆ.

ಸುಮ್ಮನೆ ಅಕ್ಕಪಕ್ಕ ಕೂರಿಸಿದರೂ ಆಗದು. ಮನೋವಿಜ್ಞಾನಿ ಮುಜಾಫರ್ ಷೆರಿಫ್ 1954ರಲ್ಲಿ ಒಕ್ಲಹೋಮಾದ ಬೇಸಿಗೆ ಶಿಬಿರದಲ್ಲಿ 22 ಹುಡುಗರನ್ನು ಎರಡು ತಂಡ ಮಾಡಿ ಪಂದ್ಯ ಆಡಿಸಿದಾಗ ದ್ವೇಷ ಹುಟ್ಟಿತು. ಜೊತೆಯಲ್ಲಿ ಊಟಕ್ಕೆ ಕೂರಿಸಿದರೆ ತಟ್ಟೆಯಲ್ಲಿದ್ದದ್ದನ್ನೇ ಎಸೆದಾಡಿದರು. ನೀರಿನ ಪೂರೈಕೆ ನಿಂತಾಗ ಎರಡೂ ತಂಡ ಸೇರದೆ ಸರಿಮಾಡಲು ಆಗದು ಎಂಬಂಥ ಕೆಲಸಗಳು ಒಂದರ ಮೇಲೊಂದು ಬಂದ ಮೇಲೆ ಹಗೆ ಇಳಿಯಿತು. ಅದೇ 1954ರಲ್ಲಿ ಗಾರ್ಡನ್ ಆಲ್‌ಪೋರ್ಟ್ ಎಂಬ ಮನೋವಿಜ್ಞಾನಿ, ಒಡನಾಟದಿಂದ ಪೂರ್ವಗ್ರಹ ತಗ್ಗಲು ಬೇಕಾದ ನಾಲ್ಕು ಷರತ್ತು ಬರೆದರು: ಒಟ್ಟು ಸೇರಿದಾಗ ಸಮಾನ ಸ್ಥಾನ, ಒಂದೇ ಗುರಿ, ಪರಸ್ಪರ ಸಹಕಾರ, ಮೇಲಿನವರ ಬೆಂಬಲ. 2006ರಲ್ಲಿ ಪೆಟಿಗ್ರೂ ಮತ್ತು ಟ್ರಾಪ್ 515 ಅಧ್ಯಯನಗಳನ್ನು ಒಟ್ಟಿಗೆ ನೋಡಿ, ಒಡನಾಟ ಸಾಮಾನ್ಯವಾಗಿ ಪೂರ್ವಗ್ರಹ ತಗ್ಗಿಸುತ್ತದೆ, ಈ ಷರತ್ತುಗಳಿದ್ದರೆ ಇನ್ನೂ ಚೆನ್ನಾಗಿ ತಗ್ಗಿಸುತ್ತದೆ ಎಂದರು.

ತರಗತಿಗೆ ಹೊಂದುವ ವಿಧಾನ ಮನೋವಿಜ್ಞಾನಿ ಎಲಿಯಟ್ ಆರನ್‌ಸನ್ ಅವರ ಜಿಗ್‌ಸಾ, ಅಂದರೆ ಒಬ್ಬೊಬ್ಬರೂ ಪಾಠದ ಒಂದೊಂದು ತುಂಡು ಕಲಿತು ಉಳಿದವರಿಗೆ ಕಲಿಸುವುದು. 1971ರಲ್ಲಿ ಟೆಕ್ಸಸ್‌ನ ಆಸ್ಟಿನ್‌ನಲ್ಲಿ, ಜನಾಂಗದ ಪ್ರಕಾರ ಬೇರೆಬೇರೆಯಾಗಿದ್ದ ಶಾಲೆಗಳನ್ನು ಸೇರಿಸಿದಾಗ ಹೊಡೆದಾಟ ಶುರುವಾಗಿತ್ತು. ಆಗ ರೂಪಿಸಿದ್ದು ಇದು. ನಿಮ್ಮ 38 ಮಕ್ಕಳಿಗೆ ಲೆಕ್ಕ ಹೀಗೆ: ಪಾಠವನ್ನು ಐದು ತುಂಡು ಮಾಡಿ. ಏಳು ಗುಂಪು, ಮೂರರಲ್ಲಿ ಆರಾರು ಜನ, ನಾಲ್ಕರಲ್ಲಿ ಐದೈದು. ಆರು ಜನರ ಗುಂಪಿನಲ್ಲಿ ಇಬ್ಬರು ಒಂದೇ ತುಂಡು ಹಂಚಿಕೊಳ್ಳಲಿ. ಒಬ್ಬರು ಬರದ ದಿನ ಅಲ್ಲಿಂದ ಒಬ್ಬರನ್ನು ಬೇರೆ ಗುಂಪಿಗೆ ಕಳಿಸಬಹುದು. ಗುಂಪನ್ನು ನೀವೇ ಮಾಡಿ, ಮಕ್ಕಳಿಗೆ ಬಿಟ್ಟರೆ ಹಳೆಯ ಬೆಂಚೇ ಮತ್ತೆ ಗುಂಪಾಗುತ್ತದೆ.

ಎಂಟು ನಿಮಿಷ ಪ್ರತಿಯೊಬ್ಬರೂ ತಮ್ಮ ತುಂಡು ಓದಬೇಕು. ಹನ್ನೆರಡು ನಿಮಿಷ ಒಂದೇ ತುಂಡಿನವರೆಲ್ಲ ಸೇರಿ ಅದನ್ನು ಹೇಗೆ ವಿವರಿಸುವುದೆಂದು ತಯಾರಾಗಬೇಕು. ಇಲ್ಲಿ ಏಳೆಂಟು ಜನ ಆಗುತ್ತಾರೆ, ಅದು ಹೆಚ್ಚು, ಎರಡು ಸಣ್ಣ ವೃತ್ತ ಮಾಡಿಬಿಡಿ. ಇಪ್ಪತ್ತು ನಿಮಿಷ ಮೂಲ ಗುಂಪಿಗೆ ಮರಳಿ ಒಬ್ಬೊಬ್ಬರೂ ನಾಲ್ಕು ನಿಮಿಷ ಕಲಿಸಬೇಕು. ಕೊನೆಯ ಐದು ನಿಮಿಷ ಐದು ಪ್ರಶ್ನೆಯ ಸಣ್ಣ ಪರೀಕ್ಷೆ, ಒಬ್ಬೊಬ್ಬರೇ ಬರೆಯಬೇಕು. ಪಕ್ಕದವನ ಮಾತು ಕೇಳದೆ ಐದರಲ್ಲಿ ನಾಲ್ಕು ಪ್ರಶ್ನೆಗೆ ಉತ್ತರ ಗೊತ್ತಾಗಬಾರದು, ಅದೇ ಕೀಲಿ. ಹಾಗಾಗಿ ಆ ದಿನ ಪಠ್ಯಪುಸ್ತಕ ಬ್ಯಾಗಿನಲ್ಲೇ ಇರಲಿ.

ಕೆಡುವುದು ಎಲ್ಲಿ ಎಂದರೆ, ನಿಧಾನವಾಗಿ ಮಾತಾಡುವ ಮಗುವಿನ ಸರದಿ ಬಂದಾಗ ಉಳಿದವರು ಹಾಳೆ ಕಿತ್ತುಕೊಂಡು ಓದಿಬಿಡುತ್ತಾರೆ. ಕಲಿಸುವ ಹೊತ್ತಿಗೆ ಹಾಳೆಗಳನ್ನು ವಾಪಸ್ ತೆಗೆದುಕೊಳ್ಳಿ, ಸ್ವಂತ ಟಿಪ್ಪಣಿ ಮಾತ್ರ ಇರಲಿ. "ಅವನಿಗೆ ಗೊತ್ತಿಲ್ಲ" ಎಂದು ದೂರು ಬಂದರೆ, "ಅವನಿಗೆ ಗೊತ್ತಿರುವುದು ನಿಮ್ಮಲ್ಲಿ ಯಾರಿಗೂ ಗೊತ್ತಿಲ್ಲ, ಪ್ರಶ್ನೆ ಕೇಳಿ ತೆಗೆಯಿರಿ" ಎನ್ನಿ. ಒಬ್ಬರೇ ಎಲ್ಲವನ್ನೂ ನಡೆಸಲು ಹೊರಟರೆ ಆ ಮಗುವಿಗೆ ಸಮಯ ನೋಡುವ ಜವಾಬ್ದಾರಿ ಕೊಡಿ.

ಜಿಗ್‌ಸಾವನ್ನು ತಾರತಮ್ಯದ ಪಾಠಕ್ಕೇ ಬಳಸಬೇಕಿಲ್ಲ, ಬಳಸದಿದ್ದರೇ ಒಳ್ಳೆಯದು. ಭೂಗೋಳ, ಇತಿಹಾಸ, ಯಾವುದಾದರೂ ಸಾಮಾನ್ಯ ಪಾಠಕ್ಕೆ ವಾರಕ್ಕೆ ಒಂದು ಸಲದಂತೆ ಅದೇ ಗುಂಪಿನಲ್ಲಿ ಆರೆಂಟು ವಾರ ಮಾಡಿ. ಒಂದೇ ಸಲ ಮಾಡಿ ಫಲ ಕಾಣಲಿಲ್ಲ ಎನ್ನುವುದು ಸರಿಯಲ್ಲ.

ಕಪ್ಪುಹಲಗೆ

ಹೆಚ್ಚು ಸಮಯದ ಪ್ರಶ್ನೆಗೆ ಉತ್ತರ. ಆ ಪ್ರಶ್ನೆ ಕೇಳಿದ ಮಗುವನ್ನು ಗದರಿಸಬೇಡಿ, ಪ್ರಶ್ನೆ ಚೆನ್ನಾಗಿದೆ. ಪರೀಕ್ಷೆ ಏನನ್ನು ಅಳೆಯುತ್ತಿದೆ ಎಂದು ಮರಳಿ ಕೇಳಿ. ಇತಿಹಾಸದ ಜ್ಞಾನವನ್ನಾದರೆ, ದೃಷ್ಟಿ ಕಡಿಮೆಯಿರುವ ಮಗು ಪ್ರಶ್ನೆ ಓದಲು ತೆಗೆದುಕೊಳ್ಳುವ ಸಮಯ ಆ ಅಳತೆಗೆ ಸೇರಬಾರದು. ಹೆಚ್ಚುವರಿ ಸಮಯ ಅದನ್ನು ಕಳೆಯುತ್ತದೆ ಅಷ್ಟೇ. ಓಟದ ವೇಗವನ್ನೇ ಅಳೆಯುವ ಪರೀಕ್ಷೆಯಲ್ಲಿ ಸಮಯ ಹೆಚ್ಚು ಕೊಟ್ಟರೆ ಅಳತೆಯೇ ಕೆಡುತ್ತದೆ. ಈ ಎರಡರ ವ್ಯತ್ಯಾಸ ಮಕ್ಕಳಿಗೆ ಕೂಡಲೇ ಅರ್ಥವಾಗುತ್ತದೆ. 2006ರ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆ ಒಂದು ಹೆಜ್ಜೆ ಮುಂದೆ ಹೋಗಿದೆ: ಮಿತಿಮೀರಿದ ಹೊರೆಯಾಗದಂಥ ಸೂಕ್ತ ಅನುಕೂಲವನ್ನು ನಿರಾಕರಿಸುವುದೇ ತಾರತಮ್ಯ.

ಇದರ ಜೊತೆಗೆ, ಎಲ್ಲರಿಗೂ ಒಂದೇ ಎಂದು ಕಾಣುವ ನಿಯಮ ಹೇಗೆ ಕೆಲವರನ್ನು ಹೊರಗಿಡುತ್ತದೆ ಎಂಬುದಕ್ಕೆ 1977ರ ಡೋಥರ್ಡ್ ವಿರುದ್ಧ ರಾಲಿನ್ಸನ್ ಮೊಕದ್ದಮೆ ಹೇಳಿ. ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಜೈಲು ಕಾವಲುಗಾರರಿಗೆ ಕನಿಷ್ಠ 5 ಅಡಿ 2 ಇಂಚು ಎತ್ತರ, 120 ಪೌಂಡ್ ತೂಕ ಇರಬೇಕು ಎಂಬ ನಿಯಮವಿತ್ತು. ಹೆಣ್ಣು ಎಂಬ ಮಾತೇ ಅದರಲ್ಲಿಲ್ಲ. ಆದರೆ ಅದು ಶೇ. 41ರಷ್ಟು ಮಹಿಳೆಯರನ್ನು ಹೊರಗಿಡುತ್ತಿತ್ತು, ಗಂಡಸರಲ್ಲಿ ಶೇ. 1ಕ್ಕಿಂತ ಕಡಿಮೆ. ಕೆಲಸಕ್ಕೆ ಬೇಕಾದದ್ದು ಶಕ್ತಿಯಾದರೆ ಶಕ್ತಿಯನ್ನೇ ನೇರವಾಗಿ ಪರೀಕ್ಷಿಸಬಹುದಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ ಆ ಎತ್ತರ–ತೂಕದ ನಿಯಮವನ್ನು ಒಪ್ಪಲಿಲ್ಲ. ಮೊದಲು ನಿಯಮ ಮಾತ್ರ ಹೇಳಿ "ಇದು ತಾರತಮ್ಯವೇ?" ಎಂದು ಕೈ ಎತ್ತಿಸಿ, ಆಮೇಲೆ ಸಂಖ್ಯೆ ಹೇಳಿ ಮತ್ತೆ ಕೈ ಎತ್ತಿಸಿ.

ಇಲ್ಲಿಂದ ಐದನೇ ಪೀರಿಯಡ್‌ಗೆ ದಾರಿ ಸಿಗುತ್ತದೆ: ಶಾಲೆಯ ನಿಯಮಗಳ ಪರಿಶೀಲನೆ. ಯಾರು ಕೆಟ್ಟವರು ಎಂದು ಹುಡುಕುವುದಕ್ಕಿಂತ ಯಾವ ತೀರ್ಮಾನ, ಯಾರು ಮಾಡಿದ್ದು, ಯಾವ ನಿಯಮದ ಮೇಲೆ, ಯಾರು ಹೊರಗುಳಿದರು ಎಂದು ಹುಡುಕುವುದನ್ನು ಕಲಿಸುವುದೇ ನನ್ನ ಮಟ್ಟಿಗೆ ಈ ಆರೂ ಪೀರಿಯಡ್‌ಗಳ ಗುರಿ. ಮಕ್ಕಳು ಬರೆಯಲಿ: ಲೀಡರ್ ಆಯ್ಕೆ, ಆಟದ ತಂಡ, ಕಸ ಗುಡಿಸುವ ಸರದಿ, ಕೂರುವ ಜಾಗ, ಕಾರ್ಯಕ್ರಮದಲ್ಲಿ ಸ್ವಾಗತಕ್ಕೆ ನಿಲ್ಲುವವರು, ಭಾರದ ಸಾಮಾನು ಹೊರುವವರು. ಪ್ರತಿಯೊಂದಕ್ಕೂ ಆ ನಾಲ್ಕು ಪ್ರಶ್ನೆ. ಅದರಲ್ಲಿ ಒಂದನ್ನು ಆರಿಸಿ ಎರಡು ವಾರದೊಳಗೆ ಬದಲಾಯಿಸಬೇಕು. ಒಂದೇ ಒಂದು ಸಾಕು. ಮುಖ್ಯಶಿಕ್ಷಕರ ಒಪ್ಪಿಗೆ ಮೊದಲೇ ಪಡೆದಿರಿ. ಮಕ್ಕಳು ಕಷ್ಟಪಟ್ಟು ಹುಡುಕಿದ ಮೇಲೆ "ಅದೆಲ್ಲ ಆಗಲ್ಲ" ಎಂಬ ಉತ್ತರ ಸಿಕ್ಕರೆ ಆರೂ ಪೀರಿಯಡ್ ನೀರಿಗೆ ಹೋದ ಹಾಗೆ.

ಮೊದಲ ಪರಿಶೀಲನೆ ಶಿಕ್ಷಕರದೇ ಆಗಿದ್ದರೆ ಮಕ್ಕಳು ನಂಬುತ್ತಾರೆ. ಇಬ್ಬರು ಮಕ್ಕಳು ಒಂದು ವಾರ ನಿಮ್ಮ ಪೀರಿಯಡ್‌ನಲ್ಲಿ ಗೆರೆ ಎಳೆಯಲಿ: ಯಾವ ಸಾಲಿನವರಿಗೆ ಎಷ್ಟು ಪ್ರಶ್ನೆ, ಹುಡುಗರಿಗೆ ಎಷ್ಟು, ಹುಡುಗಿಯರಿಗೆ ಎಷ್ಟು, ಉತ್ತರಕ್ಕೆ ಎಷ್ಟು ಹೊತ್ತು ಕಾದಿರಿ. 1970ರ ದಶಕದಲ್ಲಿ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ಅಳೆದಾಗ ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡ್ ಅಷ್ಟೇ ಕಾಯುತ್ತಿದ್ದರು. ದಡ್ಡರೆಂದುಕೊಂಡ ಮಕ್ಕಳಿಗೆ ಇನ್ನೂ ಕಡಿಮೆ. ಕಾಯುವುದನ್ನು ಮೂರು ಸೆಕೆಂಡ್‌ಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಹೆಚ್ಚು ಮಕ್ಕಳು ಬಾಯಿಬಿಟ್ಟರು.

ಆಪ್ತಸಲಹೆ

ಮೌಲ್ಯಮಾಪನದ ಬಗ್ಗೆ ಯಾರೂ ಹೇಳಲಿಲ್ಲ, ಅದನ್ನು ಸೇರಿಸ್ತೀನಿ. ಮನೋಭಾವಕ್ಕೆ ಅಂಕ ಕೊಡಬೇಡಿ. ಕೊಟ್ಟರೆ ಮಕ್ಕಳು ನಿಮಗೆ ಬೇಕಾದ್ದನ್ನು ಬರೀತಾರೆ, ಮತ್ತೆ ಅದೇ "ಎಲ್ಲರೂ ಸಮಾನರು". ಮೊದಲ ಪೀರಿಯಡ್‌ನಲ್ಲಿ ಒಂದು ಕಾಲ್ಪನಿಕ ಪ್ರಸಂಗ ಕೊಟ್ಟು ಹತ್ತು ನಿಮಿಷ ಬರೆಸಿ, ಆರನೆಯದರಲ್ಲಿ ಅದೇ ಪ್ರಸಂಗ ಮತ್ತೆ ಕೊಡಿ. ಹತ್ತು ಅಂಕ: ತೀರ್ಮಾನ ಯಾವುದು, ಯಾರದು ಅಂತ ಗುರುತಿಸಿದ್ದಕ್ಕೆ 2, ನಿಯಮ ಅಥವಾ ರೂಢಿ ಗುರುತಿಸಿದ್ದಕ್ಕೆ 2, ಯಾರ ಮೇಲೆ ಏನು ಪರಿಣಾಮ ಅನ್ನೋದಕ್ಕೆ 2, ಬೇರೆ ಕಾರಣ ಇರಬಹುದಾ, ತಿಳಿಯಲು ಇನ್ನೇನು ಮಾಹಿತಿ ಬೇಕು ಅನ್ನೋದಕ್ಕೆ 2, ಮಾಡಬಹುದಾದ ಪರಿಹಾರಕ್ಕೆ 2. ನಾಲ್ಕನೆಯದರಲ್ಲಿ ಮೊದಲ ಸಲ ಬಹುತೇಕ ಎಲ್ಲರಿಗೂ ಸೊನ್ನೆ ಬರುತ್ತೆ. ಮೂರು ವಾರದ ಕೊನೆಗೆ ಅಲ್ಲಿ ಒಂದು ಅಂಕ ಬಂದರೂ ಮಗು ಮುಂದೆ ಹೋಗಿದೆ ಅಂತಲೇ ಅರ್ಥ.

ಮತ್ತೆ, ಆರನೇ ಪೀರಿಯಡ್ ಶುಕ್ರವಾರ ಅಥವಾ ಶನಿವಾರದ ಕೊನೆಯ ಪೀರಿಯಡ್ ಆಗದ ಹಾಗೆ ಹಾಕಿಕೊಳ್ಳಿ. ಏನಾದರೂ ಕದಡಿದ್ದರೆ ಮಕ್ಕಳನ್ನು ಮರುದಿನವೇ ನೋಡೋಕೆ ಆಗಬೇಕು.